ಐದು ಸಾವಿರ ಜನರ ಊರಿನಿಂದ ಯುರೋಪಿನ ಅಂಗಣಕ್ಕೆ

ಪ್ರಶ್ನೆ: ಉತ್ತರ ಅಟ್ಲಾಂಟಿಕ್ ಸಮುದ್ರದ ಫೆರೋ ದ್ವೀಪಗಳ ಕ್ಲಾಕ್ಸ್‌ವಿಕ್ ಎಂಬ ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬು ಯುರೋಪಿನ ಹೆಸರಾಂತ ತಂಡಗಳನ್ನು ಸೋಲಿಸಿತೆಂದು, ಎನ್.ವಿ. ಮೈದಾನದಲ್ಲಿ ಆಡುವ ನನ್ನ ಮಗ ಹೇಳುತ್ತಿರುತ್ತಾನೆ. ಇದು ನಿಜವೇ? ಯಾರಾದರೂ ಸಾಹುಕಾರರು ಅದನ್ನು ಕೊಂಡು ಬೆಳೆಸಿದರೇ? ಈಗ ಅದರ ಸ್ಥಿತಿ ಹೇಗಿದೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಕೆ.ಐ. ಕ್ಲಾಕ್ಸ್‌ವಿಕ್ 1904ರಲ್ಲಿ ಹುಟ್ಟಿದ ಕ್ರೀಡಾ ಸಂಘ. ಅದನ್ನು ಯಾವ ಸಾಹುಕಾರರೂ ಕೊಂಡಿಲ್ಲ. ಬೊರ್ದೊಯ್ ದ್ವೀಪದ ಈ ಊರಿನ ಜನಸಂಖ್ಯೆ ಸುಮಾರು ಐದು ಸಾವಿರ. ಫೆರೋದ ಹದಿನೆಂಟು ದ್ವೀಪಗಳ ಒಟ್ಟು ಜನಸಂಖ್ಯೆಯೂ ನಮ್ಮ ಯಾದಗಿರಿ ಪಟ್ಟಣದ್ದಕ್ಕಿಂತ ಕಡಿಮೆ.

1942ರಲ್ಲಿ ಅಲ್ಲಿ ಲೀಗ್ ಆರಂಭವಾದಾಗ ಮೊದಲ ಪ್ರಶಸ್ತಿ ಗೆದ್ದದ್ದು ಇದೇ ಕ್ಲಬ್ಬು. ಆದರೆ 1999ರಲ್ಲಿ ಗೆದ್ದ ಮೇಲೆ ಮತ್ತೊಂದು ಲೀಗ್ ಪ್ರಶಸ್ತಿಗಾಗಿ ಅದು 2019ರವರೆಗೆ ಕಾಯಬೇಕಾಯಿತು. ಈ ಇಪ್ಪತ್ತು ವರ್ಷಗಳನ್ನು ಮರೆತು 2023ರ ಗೆಲುವನ್ನಷ್ಟೇ ಕೊಂಡಾಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಏಳಿಗೆಗೆ ಮುಖ್ಯ ಕಾರಣ ಅಂಗಣ. ಮಳೆ, ಗಾಳಿ, ಚಳಿಯ ಆ ನಾಡಿನಲ್ಲಿ ಹುಲ್ಲು ಸರಿಯಾಗಿ ನಿಲ್ಲುವುದಿಲ್ಲ. 1990ರಲ್ಲಿ ಫೆರೋ ರಾಷ್ಟ್ರೀಯ ತಂಡ ಆಸ್ಟ್ರಿಯಾವನ್ನು 1–0ರಿಂದ ಸೋಲಿಸಿದ ಹೆಸರಾಂತ ಪಂದ್ಯವನ್ನೂ, ತಮ್ಮಲ್ಲಿ ತಕ್ಕ ಹುಲ್ಲಿನ ಅಂಗಣವಿಲ್ಲದ ಕಾರಣ, ಸ್ವೀಡನ್ನಿನ ಲಾಂಡ್ಸ್‌ಕ್ರೂನಾದಲ್ಲಿ ಆಡಬೇಕಾಯಿತು. ಮುಂದೆ ಊರೂರಿಗೂ ಕೃತಕ ಹುಲ್ಲಿನ ಅಂಗಣಗಳು ಬಂದವು, ಮಕ್ಕಳಿಗೆ ವರ್ಷವಿಡೀ ಆಡುವುದು ಸಾಧ್ಯವಾಯಿತು. ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುವ, ಬೇಸಿಗೆಯಲ್ಲಿ ಬಿರುಕು ಬಿಡುವ ನಮ್ಮ ಎರೆ ಮಣ್ಣಿನ ಮೇಲೆ ಆಡಿದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2006ರಲ್ಲಿ ಸಮುದ್ರದಡಿಯ ಸುಮಾರು ಆರು ಕಿಲೋಮೀಟರ್ ಸುರಂಗ ತೆರೆದ ಮೇಲೆ, ದೋಣಿಯ ಹಂಗಿಲ್ಲದೆ ಓಡಾಡುವ ಅನುಕೂಲವೂ ಊರಿಗೆ ಒದಗಿತು.

ಇನ್ನು 2023ರ ಮಾತು. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಹಂಗೇರಿಯ ಫೆರೆಂಟ್ಸ್‌ವಾರೋಶ್ ವಿರುದ್ಧ ತವರಿನ ಪಂದ್ಯ ಗೋಲಿಲ್ಲದೆ ಮುಗಿಯಿತು. ಬುಡಾಪೆಸ್ಟ್‌ನಲ್ಲಿ ಕ್ಲಾಕ್ಸ್‌ವಿಕ್ 3–0ರಿಂದ ಗೆದ್ದಿತು. ಎರಡು ಗೋಲು ಹೊಡೆದ ಆರ್ನಿ ಫ್ರೆಡೆರಿಕ್ಸ್‌ಬೆರ್ಗ್ ಫುಟ್‌ಬಾಲನ್ನೇ ನಂಬಿ ಬದುಕಿದವರಲ್ಲ, ಆಹಾರ ಪದಾರ್ಥಗಳ ಸಗಟು ವ್ಯಾಪಾರದ ಕಂಪನಿಯೊಂದರಲ್ಲಿ ನೌಕರಿ ಮಾಡುತ್ತಿದ್ದವರು. ಸೋತ ತಂಡದ ತರಬೇತುದಾರ ಚೆರ್ಚೆಸೊವ್ ಕೂಡಲೇ ಹುದ್ದೆ ಕಳೆದುಕೊಂಡರು. ಮುಂದಿನ ಸುತ್ತಿನಲ್ಲಿ ಸ್ವೀಡನ್ನಿನ ಚಾಂಪಿಯನ್ ಹ್ಯಾಕೆನ್ ಪೆನಾಲ್ಟಿಗಳಲ್ಲಿ ಸೋತಿತು. ಈ ಎರಡನೆಯ ಗೆಲುವೇ ನಿರ್ಣಾಯಕ. ಆಮೇಲೆ ಸೋತರೂ ಕೆಳಗಿನ ಟೂರ್ನಿಯ ಗುಂಪು ಹಂತದಲ್ಲಿ ಸ್ಥಾನ ಖಾತರಿಯಾಗುತ್ತಿತ್ತು. ನಾರ್ವೆಯ ಮೊಲ್ಡೆಯನ್ನು ತವರಿನಲ್ಲಿ 2–1ರಿಂದ ಸೋಲಿಸಿದರೂ, ಎದುರಾಳಿಯ ಊರಿನಲ್ಲಿ ಹೆಚ್ಚುವರಿ ಅವಧಿಯಲ್ಲಿ ಎಡವಿತು. ಕೊನೆಗೆ ಯುರೋಪಿನ ಮೂರನೆಯ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತದಲ್ಲಿ ಆಡಿ, ಫ್ರಾನ್ಸಿನ ಲಿಲ್ ತಂಡವನ್ನು ಗೋಲಿಲ್ಲದೆ ತಡೆದು, ಸ್ಲೊವೇನಿಯಾದ ಒಲಿಂಪಿಯಾವನ್ನು 3–0ರಿಂದ ಸೋಲಿಸಿತು. ಫೆರೋ ಕ್ಲಬ್ಬೊಂದು ಯುರೋಪಿನ ಗುಂಪು ಹಂತ ತಲುಪಿದ್ದು ಅದೇ ಮೊದಲು.

ಹೊರಗಿನವರ ನೆರವು ಇರಲಿಲ್ಲವೆಂದಲ್ಲ. ಆಗಿನ ತರಬೇತುದಾರ ಮಾಗ್ನೆ ಹೊಸೆತ್ ನಾರ್ವೆಯವರು, ಬುಡಾಪೆಸ್ಟ್‌ನಲ್ಲಿ ಮೂರನೆಯ ಗೋಲು ಹೊಡೆದ ಲುಕ್ ಕಾಸಿ ಐವರಿ ಕೋಸ್ಟಿನವರು.

ಗುಂಪು ಹಂತಕ್ಕೆ ಬಂದ ತಂಡಕ್ಕೆ ಆ ವರ್ಷ ಸಿಗುತ್ತಿದ್ದ ಮೊತ್ತ 29.4 ಲಕ್ಷ ಯೂರೊ, ಅಂದರೆ ಸುಮಾರು 26 ಕೋಟಿ ರೂಪಾಯಿ. ಅಂಥ ಊರಿನ ಕ್ಲಬ್ಬಿಗೆ ಇದು ಸಣ್ಣ ದುಡ್ಡಲ್ಲ. ಆದರೆ ದುಡ್ಡು ಬಂದ ಮಾತ್ರಕ್ಕೆ ಪ್ರಶಸ್ತಿ ಕೈಯಲ್ಲಿ ಉಳಿಯಲಿಲ್ಲ: 2021, 2022, 2023ರಲ್ಲಿ ಸತತವಾಗಿ ಲೀಗ್ ಗೆದ್ದ ಕ್ಲಾಕ್ಸ್‌ವಿಕ್, 2024ರಲ್ಲಿ ಅದನ್ನು ವೈಕಿಂಗೂರ್ ತಂಡಕ್ಕೆ ಬಿಟ್ಟುಕೊಡಬೇಕಾಯಿತು. ಗುಂಪು ಹಂತದ ತವರು ಪಂದ್ಯಗಳನ್ನೂ ಅದು ಸ್ವಂತ ಊರಿನ ಡ್ಯುಪುಮಿರಾ ಅಂಗಣದಲ್ಲಿ ಆಡದೆ, ರಾಜಧಾನಿ ಟೋರ್ಸ್‌ಹಾವ್ನ್‌ನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆಡಿತ್ತು.