ಅತ್ತೆ ಗಂಜಿ ತರ್ತೇನೆ ಅಂತಿದ್ದಾರೆ, ಕರೆದುಕೊಂಡು ಹೋಗಲಾ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 38. ಮೂರು ವರ್ಷದಿಂದ ಓಡುತ್ತಿದ್ದೇನೆ, ಒಂದು ಪೂರ್ತಿ ಮ್ಯಾರಥಾನ್ ಮುಗಿಸಿದ್ದೇನೆ. ಈ ಸಲ ಚಿಕ್ಕಮಗಳೂರು ಕಡೆ ಕಾಫಿ ತೋಟ, ಗುಡ್ಡಗಳ ದಾರಿಯಲ್ಲಿ ನಡೆಯುವ 50 ಕಿ.ಮೀ. ಅಲ್ಟ್ರಾ ಓಟಕ್ಕೆ, ಅಂದ್ರೆ ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ, ಹೆಸರು ಕೊಟ್ಟಿದ್ದೇನೆ. ಯಜಮಾನರು, 12 ವರ್ಷದ ಮಗಳು, 67ರ ಅತ್ತೆ, ಮೂವರೂ ಬರುತ್ತೇವೆ ಅಂತಿದ್ದಾರೆ. ಅತ್ತೆ ಗಂಜಿ ಮಾಡಿ ತರುತ್ತಾರಂತೆ. ಯಜಮಾನರು ಈಗಲೇ ದಿನಾ 'ಸುಸ್ತಾದ್ರೆ ಬಿಟ್ಬಿಡು, ಯಾರೂ ಏನೂ ಅನ್ನಲ್ಲ' ಅಂತಾರೆ. ಇವರ ಮುಖ ನೋಡಿದ ಕೂಡಲೇ ಅಲ್ಲೇ ಕೂತುಬಿಡ್ತೇನೇನೋ ಅಂತ ಹೆದರಿಕೆ. ಕರೆದುಕೊಂಡು ಹೋಗಲಾ, ಬೇಡವಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಕರೆದುಕೊಂಡು ಹೋಗಿ. ಮೂವರನ್ನೂ. ಆದರೆ ಅದಕ್ಕಿಂತ ಮುಂಚೆ ನಿಮ್ಮ ಮನೆ ಅಂಗಳದಲ್ಲೇ ಅವರಿಗೆ ಅಭ್ಯಾಸ ಮಾಡಿಸಿ. ನೀವು ಐದಾರು ತಿಂಗಳು ಕಾಲಿಗೆ ಅಭ್ಯಾಸ ಕೊಡುತ್ತೀರಿ, ಅವರನ್ನು ಮಾತ್ರ ಓಟದ ದಿನ ಬೆಳಿಗ್ಗೆ ಒಂದು ಚೀಲ ಕೈಗೆ ಕೊಟ್ಟು ನಿಲ್ಲಿಸಿಬಿಟ್ಟರೆ ಅವರು ಏನು ಮಾಡಬೇಕು ಹೇಳಿ. ಕೆಲಸ ಗೊತ್ತಿಲ್ಲದೆ ನಿಂತವರಿಗೆ ಚಿಂತೆ ಒಂದೇ ಕೆಲಸ. 'ಬಿಟ್ಬಿಡು' ಅನ್ನೋ ಮಾತು ಹುಟ್ಟುವುದೂ ಅಲ್ಲೇ.

ಮೊದಲು ನಿಯಮ ಓದಿ. ಮನೆಯವರು ಎಲ್ಲಿ ಬೇಕಾದರೂ ಬಂದು ಬಾಟಲಿ ಕೊಡುವ ಹಾಗಿಲ್ಲ. ಯಾವ ಏಡ್ ಸ್ಟೇಷನ್‌ನಲ್ಲಿ (ದಾರಿ ಮಧ್ಯೆ ಓಟಗಾರರಿಗೆ ನೀರು, ತಿಂಡಿ ಸಿಗುವ ಜಾಗ) ಹೊರಗಿನವರ ಸಹಾಯ ತಗೊಳ್ಳಬಹುದು ಅಂತ ಸಂಘಟಕರು ಹೇಳಿರುತ್ತಾರೆ, ಬೇರೆ ಕಡೆ ತಗೊಂಡರೆ ಓಟದಿಂದಲೇ ಹೊರಗೆ ಹಾಕಬಹುದು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಸುತ್ತಿ ಬರುವ, ಸುಮಾರು 170 ಕಿ.ಮೀ.ಯ ಯುಟಿಎಂಬಿ ಓಟದಲ್ಲಿ ಕೆಲವೇ ಸ್ಟೇಷನ್‌ಗಳಲ್ಲಿ, ಅದೂ ಒಬ್ಬ ಓಟಗಾರನಿಗೆ ಒಬ್ಬರೇ ಒಳಗೆ ಬರಬಹುದು. ನಿಮ್ಮಲ್ಲೂ ಒಬ್ಬರೇ ಅಂತಿದ್ದರೆ ಯಾರು ಅಂತ ಈಗಲೇ ನಿರ್ಧಾರ ಮಾಡಿ. ಆ ದಿನ ಗೇಟಿನ ಹತ್ತಿರ ಮಾತಾಡುವುದು ಬೇಡ.

ನಾನು ಮೊದಲ ಸಲ 50 ಕಿ.ಮೀ. ಓಡಿದಾಗ ನನ್ನ ಅಕ್ಕ ಬಂದಿದ್ದಳು. ಅವಳು ಒಂದು ಕಿ.ಮೀ. ಕೂಡ ಓಡಿದವಳಲ್ಲ. ಬಿಸಿಲು ಜೋರಾಗಿತ್ತು. ನೀರು ಕಡಿಮೆಯಾದರೆ ಬಿದ್ದೇ ಹೋಗ್ತೇನೆ ಅನ್ನೋ ಹೆದರಿಕೆಗೆ ಬಾಯಾರಿಕೆ ಇರಲಿ ಇಲ್ಲದಿರಲಿ ಸಿಕ್ಕಲ್ಲೆಲ್ಲ ಬರೀ ನೀರು ಕುಡಿದಿದ್ದೆ. 35ನೇ ಕಿ.ಮೀ.ಗೆ ಬರುವಾಗ ಹೊಟ್ಟೆ ತೊಳೆಸುತ್ತಿತ್ತು, ತಲೆ ಭಾರ. 'ಹೇಗಿದ್ದೀಯಾ' ಅಂದಳು, 'ಆರಾಮ್' ಅಂದೆ, ಇನ್ನೊಂದು ಬಾಟಲಿಗೆ ಕೈ ಚಾಚಿದೆ. ಅವಳು ಬಾಟಲಿ ಕೊಡಲಿಲ್ಲ. ನನ್ನ ಮಣಿಕಟ್ಟು ಹಿಡಿದು ನೋಡಿದಳು. ವಾಚಿನ ಪಟ್ಟಿ ಚರ್ಮದೊಳಗೆ ಹೂತು ಹೋಗಿತ್ತು, ಬೆರಳುಗಳು ಉಬ್ಬಿ ಬಾಳೆಕಾಯಿ ಹಾಗೆ ಕಾಣುತ್ತಿದ್ದವು. ಬೆಳಿಗ್ಗೆ ಅದೇ ಪಟ್ಟಿಯನ್ನು ಅವಳೇ ಕಟ್ಟಿದ್ದಳು, ಸಡಿಲವಾಗಿ. ಸೀದಾ ಅಲ್ಲಿದ್ದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಮೂತ್ರ ಸರಿಯಾಗಿ ಹೋಗುವವರೆಗೆ ನೀರು ಮುಟ್ಟಬೇಡಿ ಅಂದರು ಅವರು. ಮುಕ್ಕಾಲು ಗಂಟೆ ಕೂತೆ, ಉಪ್ಪು ಹಾಕಿದ ಎರಡು ಚಮಚ ಗಂಜಿಯ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಚೀಪಿದೆ. ಆಮೇಲೆ ಅವರೇ ಹೋಗಬಹುದು ಅಂದ ಮೇಲೆ ನಡೆಯುತ್ತಾ ಓಡುತ್ತಾ ಮುಗಿಸಿದೆ. ನೀರು ಜಾಸ್ತಿಯಾಗಿ ರಕ್ತದಲ್ಲಿ ಸೋಡಿಯಂ ತೆಳುವಾಗುವ ತೊಂದರೆ ಇದು. ಅಪರೂಪ ಅಂದುಕೊಳ್ಳಬೇಡಿ, 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13ರಷ್ಟು ಜನರಿಗೆ ಇದು ಇತ್ತು. ವಿಪರೀತವಾದರೆ ಮಿದುಳು ಬಾತು ಜೀವಕ್ಕೇ ಬರುತ್ತದೆ. ಬಾಯಾರಿಕೆ ಆದಷ್ಟು ಕುಡಿಯಿರಿ, ಅಷ್ಟೇ.

ಅಂಥ ಹೊತ್ತಲ್ಲಿ ಓಡುವವರ ತಲೆ ಓಡುವುದಿಲ್ಲ. ಹಸಿವು ಗೊತ್ತಾಗಲ್ಲ, ಕೇಳಿದ್ದಕ್ಕೆಲ್ಲ 'ಆರಾಮ್' ಅಂತ ಬಾಯಿಗೆ ಬರುತ್ತದೆ. ಬೆಳಿಗ್ಗೆ ಹೇಗಿದ್ದಿರಿ, ಈಗ ಹೇಗಿದ್ದೀರಿ ಅಂತ ಹೋಲಿಸಿ ನೋಡಲು ನಿಮ್ಮನ್ನು ದಿನಾ ನೋಡುವ ಕಣ್ಣೇ ಬೇಕು. ಅದಕ್ಕೇ ಮನೆಯವರು ಬರಲಿ ಅನ್ನುವುದು. 2023ರಲ್ಲಿ ಅಮೆರಿಕದ ಕೋರ್ಟ್ನಿ ಡೌವಾಲ್ಟರ್ ವೆಸ್ಟರ್ನ್ ಸ್ಟೇಟ್ಸ್, ಹಾರ್ಡ್‌ರಾಕ್, ಯುಟಿಎಂಬಿ, ನೂರು ಮೈಲಿ ಆಸುಪಾಸಿನ ಈ ಮೂರೂ ಓಟಗಳಲ್ಲಿ ಒಂದೇ ಬೇಸಿಗೆಯಲ್ಲಿ ಮಹಿಳೆಯರ ವಿಭಾಗ ಗೆದ್ದರು. ಅವರ ಓಟಗಳಲ್ಲಿ ಸ್ಟೇಷನ್‌ಗಳಲ್ಲಿ ಕಾದು ನಿಂತು ನೋಡಿಕೊಳ್ಳುವವರು ಅವರ ಗಂಡ.

ಈಗ ಅಭ್ಯಾಸದ ಮಾತು. ನಿಮ್ಮದು ಅಡಿಕೆ ತೋಟದ ಮನೆ ಇರಬೇಕು, ಸೊಪ್ಪಿನ ಬೆಟ್ಟ ಹತ್ತಿರವೇ ಇದ್ದರೆ ಬೇರೆ ಜಾಗ ಹುಡುಕಬೇಡಿ. ಅಂಗಳದಿಂದ ಹೊರಟು ಬೆಟ್ಟ ಹತ್ತಿ ಇಳಿದು ತೋಟದ ಬದಿಯಿಂದ ಅಂಗಳಕ್ಕೇ ಬರುವ ಮೂರ್ನಾಲ್ಕು ಕಿ.ಮೀ.ಯ ಸುತ್ತು ಮಾಡಿಕೊಳ್ಳಿ. ಒಂದು ಭಾನುವಾರ ಅದನ್ನೇ ಆರು ಸಲ ಹಾಕಿ. ಪ್ರತಿ ಸಲ ಅಂಗಳಕ್ಕೆ ಬಂದಾಗ ಅದೇ ಏಡ್ ಸ್ಟೇಷನ್. ಜಗುಲಿಯ ಮೇಲೆ ಎಲ್ಲ ಜೋಡಿಸಿಟ್ಟಿರಬೇಕು. ಮಗಳ ಕೈಗೆ ಗಡಿಯಾರ ಮತ್ತು ಒಂದು ನೋಟ್ ಪುಸ್ತಕ ಕೊಡಿ: ಎಷ್ಟು ಗಂಟೆಗೆ ಬಂದಳು ಅಮ್ಮ, ಏನು ತಿಂದಳು, ಎಷ್ಟು ಕುಡಿದಳು, ಮೂತ್ರಕ್ಕೆ ಹೋದಳಾ. 12 ವರ್ಷದ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಯಜಮಾನರು ಬಾಟಲಿ ತುಂಬಿಸುವುದು, ಸಾಕ್ಸ್ ಬದಲಿಸಲು ಸಹಾಯ ಮಾಡುವುದು, ಕಾಲಿಗೆ ವ್ಯಾಸಲಿನ್ ಕೊಡುವುದು. ಅತ್ತೆ ಊಟ. ನಾಲ್ಕು ನಿಮಿಷ ಆದ ಕೂಡಲೇ ಮಗಳು 'ಹೊರಡು' ಅನ್ನಬೇಕು, ನೀವು ಹೊರಡಬೇಕು. ಮೊದಲ ಸುತ್ತಿನಲ್ಲಿ ಗಲಿಬಿಲಿ ಆಗುತ್ತದೆ, ಗಂಜಿ ತೀರಾ ಬಿಸಿ ಇರುತ್ತದೆ, ಉಪ್ಪಿನಕಾಯಿ ಒಳಗೇ ಉಳಿದಿರುತ್ತದೆ. ಆಗಲಿ, ಅದಕ್ಕೇ ಅಲ್ವಾ ಅಭ್ಯಾಸ. ಆರನೇ ಸುತ್ತಿಗೆ ಯಾರೂ ಮಾತಾಡದೆ ಎಲ್ಲ ನಡೆಯುತ್ತದೆ. ನಿಮಗೂ ಮನೆ ಬಾಗಿಲಿಗೆ ಬಂದು, ಕೂರದೆ, ಮತ್ತೆ ಹೊರಡುವುದು ಅಭ್ಯಾಸವಾಗುತ್ತದೆ. ನಿಮ್ಮ ಹೆದರಿಕೆಗೆ ಇದಕ್ಕಿಂತ ಒಳ್ಳೆ ಔಷಧ ನನಗೆ ಗೊತ್ತಿಲ್ಲ.

ಗಂಜಿ ಒಳ್ಳೆಯದೇ. ಆದರೆ ಇಷ್ಟು ಹೊತ್ತಿನ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ನೀರುನೀರಾದ ಗಂಜಿಯೊಂದರಿಂದಲೇ ಅಷ್ಟು ಬರಲ್ಲ. ಒಂದು ಬಾಳೆಹಣ್ಣು, ನಿಂಬೆ ಗಾತ್ರದ ಬೆಲ್ಲ ಸೇರಿಸಿದರೆ ಗಂಟೆಯ ಲೆಕ್ಕ ಹತ್ತಿರ ಬರುತ್ತದೆ. ಮುರುಗಲು ಪಾನಕಕ್ಕೆ ಉಪ್ಪು, ಬೆಲ್ಲ ಹಾಕಿ ತಣ್ಣಗೆ ಇಟ್ಟುಕೊಂಡರೆ ಸಿಹಿ ಬೇಡವಾದಾಗಲೂ ಒಳಗೆ ಇಳಿಯುತ್ತದೆ. ಓಆರ್‌ಎಸ್ ತಗೊಳ್ಳುವುದಾದರೆ ಡಬ್ಲ್ಯೂಎಚ್ಒ ಸೂತ್ರ ಅಂತ ಬರೆದಿರುವ ಪ್ಯಾಕೆಟ್ ನೋಡಿ ತನ್ನಿ, ಅದರ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟೇ ನೀರು. ಅಂಗಳದಲ್ಲಿ ಹೊಟ್ಟೆಗೆ ಒಗ್ಗಿದ್ದನ್ನು ಬಿಟ್ಟು ಆ ದಿನ ಹೊಸದೇನೂ ಬೇಡ. ನೋವಿನ ಮಾತ್ರೆ ಚೀಲದಲ್ಲಿ ಇಡಲೇಬೇಡಿ. ಬೆವರಿ ಒಣಗಿದ ದೇಹದಲ್ಲಿ ಐಬುಪ್ರೊಫೆನ್ ಥರದ ಮಾತ್ರೆ ಮೂತ್ರಪಿಂಡಕ್ಕೆ ಕೆಟ್ಟದ್ದು.

ಇನ್ನು ಯಜಮಾನರ 'ಬಿಟ್ಬಿಡು'. ಅವರದ್ದು ಪ್ರೀತಿಯ ಮಾತು, ಬೇಡ ಅನ್ನಬೇಡಿ. ಒಂದು ಸಂಜೆ ಕೂತು ಇಬ್ಬರೂ ಒಪ್ಪಂದ ಮಾಡಿಕೊಳ್ಳಿ, ಕಾಗದದ ಮೇಲೆ. ತೊಡೆ ನೋವು, ಉಗುರು ಕಪ್ಪಾಗಿದ್ದು, ಅಳು, ಬೇಜಾರು, ಇದಕ್ಕೆಲ್ಲ ಬಿಡುವುದಿಲ್ಲ. ಎದೆ ನೋವು, ಮಾತು ತಡವರಿಸುವುದು, ಹೆಜ್ಜೆ ಓಲಾಡುವುದು, ತಲೆಸುತ್ತಿ ಬೀಳುವುದು, ಕಾಲೂರಲು ಆಗದ ನೋವು ಇವುಗಳಲ್ಲಿ ಒಂದು ಕಂಡರೂ ನೀವು ಏನೇ ಅಂದರೂ ಕೇಳದೆ ಅವರು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಇವೆರಡರ ಮಧ್ಯೆ ಇದ್ದರೆ, ಮೊದಲು ಏನಾದರೂ ತಿಂದು ಹತ್ತು ನಿಮಿಷ ಕೂತ ಮೇಲೆಯೇ ಆ ಮಾತು. 50 ಕಿ.ಮೀ. ಓಟದಲ್ಲಿ 30ರ ಆಸುಪಾಸು 'ಸಾಕು' ಅನ್ನಿಸುವುದು ಎಷ್ಟೋ ಸಲ ಬರೀ ಹಸಿವು.

ಇನ್ನೊಂದು, ಇದನ್ನು ನೀವು ಕೇಳಿಲ್ಲ. ಇಷ್ಟು ತಿಂಗಳ ಭಾನುವಾರ ಬೆಳಿಗ್ಗೆ ನೀವು ಮನೆಯಲ್ಲಿ ಇರಲ್ಲ, ದೋಸೆ ಹೊಯ್ಯುವವರು, ದನ ನೋಡುವವರು ಬೇರೆಯವರು. ಅದು ಈಗಾಗಲೇ ಅವರು ಕೊಡುತ್ತಿರುವ ಸಹಾಯ. ಅವರೊಡನೆ ಕೂತು ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಓಟ ಮುಗಿದ ಮೇಲೆ ಅಡಿಕೆ ಕೊನೆ ಕೊಯ್ಲು ಬರುತ್ತದಲ್ಲ, ಆಗ ಪೂರ್ತಿ ಒಂದು ತಿಂಗಳು ಭಾನುವಾರಗಳು ಅವರಿಗೆ ಅಂತ ಈಗಲೇ ಹೇಳಿಬಿಡಿ. ಅತ್ತೆಗೆ ಒಂದು ಮಡಚುವ ಕುರ್ಚಿ, ಒಂದು ಕೊಡೆ ಮರೆಯಬೇಡಿ. ಗಂಟೆಗಟ್ಟಲೆ ಕಾಯಬೇಕು ಅವರು.

ಪ್ರಶ್ನೆ: ಕಾರವಾರದಲ್ಲಿ ಬೀಚ್ ಮೇಲೆ ಓಡುತ್ತೇನೆ. ಘಟ್ಟದ ಓಟಕ್ಕೆ ಅದು ಸಾಕಾ? ಅಪ್ಪ ಬೈಕಿನಲ್ಲಿ ಹಿಂದೆಯೇ ಬರುತ್ತಾರೆ.
– ಕಾಲೇಜು ವಿದ್ಯಾರ್ಥಿ, ಕಾರವಾರ

ಉತ್ತರ: ಸಾಕಾಗಲ್ಲ. ಮರಳು ಮೀನಖಂಡಕ್ಕೆ ಒಳ್ಳೆಯದು. ಆದರೆ ಘಟ್ಟದಲ್ಲಿ ಕಾಲು ಸೋಲುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು, ಆ ಪೆಟ್ಟಿಗೆ ಅದನ್ನು ನಿಧಾನಕ್ಕೆ ಒಗ್ಗಿಸಬೇಕು. ಗುಡ್ಡೆಹಳ್ಳಿ ನಿಮ್ಮ ಊರಿನ ಬೆನ್ನಿಗೇ ಇದೆಯಲ್ಲ, ವಾರಕ್ಕೊಮ್ಮೆ ನಡೆದು ಹತ್ತಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡಿ ಇಳಿಯಿರಿ. ಹತ್ತುವಾಗ ನಡೆಯುವುದು ಅವಮಾನ ಅಲ್ಲ, ದೊಡ್ಡ ಓಟಗಾರರೂ ನಡೆಯುತ್ತಾರೆ. ಮಳೆಗಾಲದಲ್ಲಿ ಚಿರೆಕಲ್ಲಿನ ಮೇಲೆ ಪಾಚಿ ಕಟ್ಟಿದಲ್ಲಿ ಮಾತ್ರ ಓಡಲೇಬೇಡಿ. ಬೀಚ್ ಮೇಲೆ ಇಳಿತದ ಹೊತ್ತಿಗೆ ಗಟ್ಟಿಯಾದ ಒದ್ದೆ ಮರಳು ನೋಡಿಕೊಂಡು ಓಡಿ, ಹೋದ ದಾರಿಯಲ್ಲೇ ವಾಪಸ್ ಬನ್ನಿ. ದಡ ಒಂದೇ ಕಡೆ ವಾಲಿರುವುದರಿಂದ ಒಂದೇ ಮೊಣಕಾಲಿಗೆ ಭಾರ ಬೀಳುತ್ತದೆ. ಅಪ್ಪನಿಗೆ ಹಿಂದೆ ಬರುವ ಬದಲು ಗುಡ್ಡದ ಮೇಲೆ ನೀರು ಹಿಡಿದು ಕಾಯಲು ಹೇಳಿ. ಹೊಗೆಯೂ ತಪ್ಪುತ್ತದೆ, ನಿಮಗೆ ಒಬ್ಬರೇ ಓಡುವ ಧೈರ್ಯವೂ ಬರುತ್ತದೆ.

ಪ್ರಶ್ನೆ: ಮಗ, 19 ವರ್ಷ, ಕಾಡುದಾರಿಯಲ್ಲಿ ಓಡುತ್ತಾನೆ. ನಮ್ಮ ಕಡೆ ಮಂಗನ ಕಾಯಿಲೆ ಭಯ. ಬೇಡ ಅನ್ನಲಾ?
– ಒಬ್ಬ ತಾಯಿ, ಸಿದ್ದಾಪುರ

ಉತ್ತರ: ನಿಮ್ಮ ಭಯ ಸರಿಯಾದದ್ದೇ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು, ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಜೋರಾಗಿರುವುದು ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ಕಾಡು ಬಿಟ್ಟು ಊರ ರಸ್ತೆಯ ಏರಿನಲ್ಲಿ ಓಡಲಿ. ಉಳಿದ ತಿಂಗಳಲ್ಲೂ ಮಂಗ ಸತ್ತ ಸುದ್ದಿ ಬಂದ ಕಡೆಗೆ ಕಾಲಿಡಬಾರದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಬೇಕು. ಕಾಡಂಚಿಗೆ ಹೋಗಲೇಬೇಕಾದ ದಿನ ಉಣುಗು ಹತ್ತಿರ ಬರದ ಹಾಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಲಿ, ಉದ್ದ ಸಾಕ್ಸ್ ಹಾಕಲಿ. ನಿಮ್ಮ ಕೆಲಸ ಬಚ್ಚಲಲ್ಲಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಅವನು ಸೋಪು ಹಚ್ಚಿ ಬಿಸಿನೀರಲ್ಲಿ ಮೀಯಲಿ. ಕಂಕುಳು, ತೊಡೆಸಂದಿ, ಮೊಣಕಾಲ ಹಿಂದೆ ಅವನೇ ನೋಡಿಕೊಳ್ಳಲಿ, ಕಿವಿಯ ಹಿಂದೆ, ಕುತ್ತಿಗೆ ನೀವು ನೋಡಿ. ಮರಿ ಉಣುಗು ಎಳ್ಳಿನ ಕಾಳಿಗಿಂತ ಸಣ್ಣದಿರುತ್ತದೆ, ಬೆಳಕಿಗೆ ಹಿಡಿದು ನೋಡಬೇಕು. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಓಡಿದ ಸುಸ್ತು ಅಂತ ಸುಮ್ನೆ ಕಾಯಬೇಡಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕಾಡಿಗೆ ಹೋಗಿದ್ದ ಅಂತ ಮೊದಲೇ ಹೇಳಿ.