ಉಪಕರಣ ಕಂಪನಿಯ ಕೆಲಸ ಅಂದರೆ ಬರೀ ಮಾರಾಟವಾ?

ಎಂಎಸ್ಸಿ ಮುಗಿಸಿದ್ದೀರಿ, ಕಣಗಳ ಗಾತ್ರ ಅಳೆಯುವ ಯಂತ್ರ ಮಾಡುವ ಕಂಪನಿಯಲ್ಲಿ ಅಪ್ಲಿಕೇಶನ್ ಸೈಂಟಿಸ್ಟ್ ಕೆಲಸ (ಯಂತ್ರ ಬಳಸುವ ಲ್ಯಾಬುಗಳಿಗೆ ನೆರವಾಗುವ ವಿಜ್ಞಾನಿಯ ಕೆಲಸ) ಸಿಕ್ಕಿದೆ, ಆದರೆ ನಿಮ್ಮ ಗೈಡ್ "ಅದು ಮಾರಾಟದ ಕೆಲಸ, ಸಂಶೋಧನೆ ಅಲ್ಲ" ಅಂತಿದ್ದಾರೆ. ನ್ಯಾನೋಕಣಗಳ ಸಂಶೋಧನೆಯಲ್ಲಿ ಇಂಥ ಕಂಪನಿಗೆ ನಿಜವಾಗಲೂ ಪಾತ್ರ ಇದೆಯಾ ಅನ್ನೋದು ನಿಮ್ಮ ಪ್ರಶ್ನೆ.

ಇದೆ. ತುಂಬಾ ದೊಡ್ಡದೇ ಇದೆ. ನಾನು ಕಂಪನಿಯವನಲ್ಲ, ಯಂತ್ರ ಬಳಸುವವನು. ಕಣ ಅಳೆಯುವುದೇ ನನ್ನ ದಿನದ ಕೆಲಸ.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ ಏಮ್ಸ್‌ಬರಿ ಅಂತ ಒಂದು ಸಣ್ಣ ಊರು, ಸ್ಟೋನ್‌ಹೆಂಜ್ ಕಲ್ಲುಗಳಿಗೆ ಹತ್ತಿರ. ಅಲ್ಲಿದ್ದ ಕಂಪನಿ ನ್ಯಾನೋಸೈಟ್. 2013ರಲ್ಲಿ ಮಾಲ್ವರ್ನ್ ಅನ್ನೋ ಇನ್ನೊಂದು ಉಪಕರಣ ಕಂಪನಿ ಅದನ್ನು ಕೊಂಡುಕೊಂಡಿತು. ಅವರ ಯಂತ್ರ ಮಾಡುವುದು ಇಷ್ಟು: ಸಿರಿಂಜಿನಲ್ಲಿ ಸ್ವಲ್ಪ ದ್ರವ ತೆಗೆದುಕೊಂಡು ಒಳಗೆ ಬಿಡುತ್ತೇವೆ, ಅದರೊಳಗೆ ತೆಳ್ಳನೆಯ ಲೇಸರ್ ಹಾಯುತ್ತದೆ. ಬಿಸಿಲುಕೋಲಿನಲ್ಲಿ ದೂಳು ಹೊಳೆಯುತ್ತದಲ್ವಾ, ಹಾಗೇ ಕಪ್ಪು ಪರದೆ ಮೇಲೆ ಬಿಳಿ ಚುಕ್ಕಿಗಳು ನಡುಗುತ್ತಾ ಓಡಾಡುತ್ತವೆ. ಚಿಕ್ಕ ಕಣ ಜಾಸ್ತಿ ಚಡಪಡಿಸುತ್ತದೆ, ದೊಡ್ಡದು ನಿಧಾನ. ಕ್ಯಾಮೆರಾ ಸೆಕೆಂಡಿಗೆ ಸುಮಾರು 30 ಚಿತ್ರ ತೆಗೆಯುತ್ತದೆ, ಸಾಫ್ಟ್‌ವೇರ್ ಒಂದೊಂದೇ ಚುಕ್ಕಿಯ ಹಿಂದೆ ಹೋಗಿ ಅದು ಎಷ್ಟು ಅಲೆದಾಡಿತು ಅಂತ ನೋಡಿ ಸ್ಟೋಕ್ಸ್-ಐನ್‌ಸ್ಟೈನ್ ಸೂತ್ರದಿಂದ ಗಾತ್ರ ಹೇಳುತ್ತದೆ. ಮೊದಲ ಸಲ ನೋಡಿದ ದಿನ ನಾನು ಅಳತೆ ಮಾಡುವುದನ್ನೇ ಮರೆತು ಸುಮ್ನೆ ನೋಡುತ್ತಾ ಕೂತಿದ್ದೆ.

ಕಷ್ಟ ಶುರುವಾಗುವುದು ಇಲ್ಲಿಂದಲೇ. ಸ್ಯಾಂಪಲ್‌ಗೆ ಎಷ್ಟು ನೀರು ಬೆರೆಸಬೇಕು, ಕ್ಯಾಮೆರಾ ಎಷ್ಟು ತೆರೆಯಬೇಕು, ಎಷ್ಟು ಹೊಳೆದರೆ ಅದನ್ನು ಕಣ ಅಂತ ಲೆಕ್ಕ ಹಿಡಿಯಬೇಕು, ಇದೆಲ್ಲ ಮುಂದೆ ಕೂತವರ ಕೈಯಲ್ಲಿ. ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ. ನಮ್ಮ ಲ್ಯಾಬಿನಲ್ಲೇ ಒಮ್ಮೆ ಹೀಗಾಯಿತು. 100 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಂತ ಖಾತ್ರಿ ಇದ್ದ ಪ್ಲಾಸ್ಟಿಕ್ ಮಣಿಗಳು 87 ಅಂತ ಬರುತ್ತಿದ್ದವು. ಎರಡು ದಿನ ತೊಳೆದೆವು, ಮಣಿ ಬದಲಾಯಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಕಂಪನಿಯ ಹುಡುಗಿಗೆ ಫೋನ್ ಮಾಡಿದರೆ ಆಕೆ ಕೇಳಿದ ಮೊದಲ ಮಾತೇ "ಸರ್, ಟೆಂಪರೇಚರ್ ಎಷ್ಟು ಹಾಕಿದ್ದೀರಿ?" ನಾವು 20 ಡಿಗ್ರಿ ಅಂತ ಹಾಕಿದ್ದೆವು, ರೂಮಿನಲ್ಲಿ ಇದ್ದದ್ದು 25. ನೀರು ಬೆಚ್ಚಗಾದಷ್ಟೂ ತೆಳುವಾಗುತ್ತದೆ, ಕಣ ಜೋರಾಗಿ ಓಡಾಡುತ್ತದೆ, ಯಂತ್ರಕ್ಕೆ ಅದು ಚಿಕ್ಕ ಕಣದ ಹಾಗೆ ಕಾಣುತ್ತದೆ. ಐದು ಡಿಗ್ರಿಗೆ 13 ನ್ಯಾನೋಮೀಟರ್ ಹೋಯಿತು. ಆಕೆಗೆ ತಕ್ಷಣ ಹೊಳೆದದ್ದು ಯಾಕೆ ಅಂದರೆ ಇದೇ ತಪ್ಪನ್ನು ಎಷ್ಟೋ ಲ್ಯಾಬುಗಳಲ್ಲಿ ನೋಡಿದ್ದಳು. ನನಗೆ ಗೊತ್ತಿರುವುದು ನನ್ನ ಲ್ಯಾಬಿನ ತಪ್ಪು ಮಾತ್ರ, ಕಂಪನಿಯವರಿಗೆ ಎಲ್ಲರದ್ದೂ ಗೊತ್ತು.

ಇದೇ ತಿಳಿವಳಿಕೆ ಯುರೋಪಿನಲ್ಲಿ ದೊಡ್ಡ ಮಟ್ಟದಲ್ಲಿ ಕೆಲಸಕ್ಕೆ ಬಂತು. ಕ್ವಾಲಿಟಿನ್ಯಾನೋ ಅಂತ ಯುರೋಪಿಯನ್ ಯೂನಿಯನ್ ದುಡ್ಡಿನಲ್ಲಿ ನಡೆದ ಯೋಜನೆ, 28 ಸಂಶೋಧನಾ ಕೇಂದ್ರಗಳು ಸೇರಿದ್ದು, ನ್ಯಾನೋಕಣಗಳ ಸುರಕ್ಷತೆ ಪರೀಕ್ಷಿಸುವವರೆಲ್ಲ ಒಂದೇ ಗುಣಮಟ್ಟಕ್ಕೆ ಬರಲಿ ಅಂತ. ಅದರಲ್ಲಿದ್ದವರೇ ಹೆಚ್ಚಾಗಿ ಸೇರಿದ 12 ಲ್ಯಾಬುಗಳು ಈ ವಿಧಾನದಲ್ಲಿ ಬೇರೆ ಬೇರೆ ಗಾತ್ರದ, ಬೇರೆ ಬೇರೆ ವಸ್ತುವಿನ ಕಣಗಳನ್ನು ಅಳೆದು ಹೋಲಿಸಿ ನೋಡಿದವು. 2013ರಲ್ಲಿ ಪ್ರಕಟವಾದ ಆ ಪೇಪರ್‌ನಲ್ಲಿ ಮೊದಲ ಹೆಸರೇ ನ್ಯಾನೋಸೈಟ್ ಕಂಪನಿಯವರದು. ಅದರ ಜೀವಾಳ ಯಂತ್ರವಲ್ಲ, ಪ್ರೋಟೋಕಾಲ್, ಅಂದರೆ ಎಲ್ಲರೂ ಒಂದೇ ಥರ ಅಳೆಯಲು ಬರೆದಿಟ್ಟ ಕ್ರಮ. ಪ್ರೋಟೋಕಾಲ್ ತಿದ್ದುತ್ತಾ ಹೋದ ಹಾಗೆ ಬೇರೆ ಬೇರೆ ಕೈಗಳ ಫಲಿತಾಂಶ ಹತ್ತಿರ ಬಂತು. ಇದು ಸಣ್ಣ ವಿಷಯ ಅಲ್ಲ. 2011ರ ಯುರೋಪಿನ ವ್ಯಾಖ್ಯೆಯ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಣಗಳು 1ರಿಂದ 100 ನ್ಯಾನೋಮೀಟರ್ ಒಳಗಿದ್ದರೆ ಅದು ನ್ಯಾನೋವಸ್ತು. ಒಂದು ಲ್ಯಾಬ್ 95 ಅಂದು ಇನ್ನೊಂದು 105 ಅಂದರೆ ಯಾರನ್ನು ನಂಬೋದು?

ಆಕ್ಸ್‌ಫರ್ಡಿನವರ ಕೆಲಸವೂ ಹೀಗೇ. ಗರ್ಭಿಣಿಯರಿಗೆ ಬರುವ ಪ್ರಿಎಕ್ಲಾಂಪ್ಸಿಯಾ ಕಾಯಿಲೆ ಬಗ್ಗೆ ಕೆಲಸ ಮಾಡುತ್ತಿದ್ದ ತಂಡ ಮಾಸುಚೀಲದಿಂದ, ಅಂದರೆ ಪ್ಲಾಸೆಂಟಾದಿಂದ, ಬರುವ ಪುಟಾಣಿ ಕೋಶಚೂರುಗಳನ್ನು ಇದೇ ವಿಧಾನದಲ್ಲಿ ಅಳೆಯಿತು. ಬಣ್ಣ ಬೆಳಗುವ ಗುರುತು ಅಂಟಿಸಿ ಬೇಕಾದವನ್ನು ಮಾತ್ರ ಕಾಣುವ ಹಾಗೆ ಮಾಡಿದರು. 2011ರ ಆ ಪೇಪರ್‌ನಲ್ಲೂ ವೈದ್ಯರ ಜೊತೆ ಕಂಪನಿಯವರ ಹೆಸರಿದೆ.

ತಮ್ಮ ಯಂತ್ರವನ್ನು ತಾವೇ ಹೊಗಳಿಕೊಳ್ಳುವ ಅಪಾಯ ಇಲ್ವಾ ಅಂದರೆ, ಇದೆ. ಅದಕ್ಕೇ ಹೊರಗಿನವರ ಪರೀಕ್ಷೆ ಬೇಕು. 2010ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಈ ವಿಧಾನವನ್ನು ಒರೆಗೆ ಹಚ್ಚಿ, ಗಾತ್ರಗಳು ಬೆರೆತ ಸ್ಯಾಂಪಲ್‌ನಲ್ಲಿ ಇದು ಚೆನ್ನಾಗಿದೆ, ಆದರೆ ಸಮಯ ಹಿಡಿಯುತ್ತದೆ, ಬಳಸುವವರಿಗೆ ಕೈಚಳಕ ಬೇಕು ಅಂತ ನೇರವಾಗಿ ಬರೆದರು. ಕಂಪನಿಯವರ ಪೇಪರ್ ಓದುವಾಗ ನಾನು ಅದನ್ನೂ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.

ಎಲ್ಲ ಕಂಪನಿಯೂ ಹೀಗಿರುವುದಿಲ್ಲ. ಆದ್ದರಿಂದ ಒಪ್ಪಿಕೊಳ್ಳುವ ಮುಂಚೆ ಅವರನ್ನೇ ಕೇಳಿ: ವರ್ಷದಲ್ಲಿ ಎಷ್ಟು ದಿನ ಡೆಮೊ, ಎಷ್ಟು ದಿನ ಸಂಶೋಧಕರ ಸ್ಯಾಂಪಲ್ ಜೊತೆ ಕೆಲಸ? ಫಲಿತಾಂಶ ನಿಮ್ಮ ಯಂತ್ರಕ್ಕೆ ವಿರುದ್ಧವಾಗಿ ಬಂದರೂ ಪ್ರಕಟಿಸಲು ಬಿಡುತ್ತೀರಾ? ಎರಡನೆಯದಕ್ಕೆ ತಡವರಿಸದೆ ಹೌದು ಅಂದರೆ ಹೋಗಿ ಸೇರಿಕೊಳ್ಳಿ.