ಸೆರಗಿನ ಹಿಂದಿನ ನಗು

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳ ಕಥೆ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಬೇಡ, ತಂಗಿ ಅಂತಲೇ ಕರೆಯುತ್ತೇನೆ.

ವಯಸ್ಸು 28. ತವರು ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಒಂದು ಹಳ್ಳಿ. ಕೊಟ್ಟಿದ್ದು ಹುಬ್ಬಳ್ಳಿಗೆ. ನಾಲ್ಕು ವರ್ಷದ ಮಗಳಿದ್ದಾಳೆ. ಪೇಟೆಯಲ್ಲಿ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಗಿರಾಕಿಗಳ ಮುಂದೆ ಮುಖ ಗಂಟು ಹಾಕಿಕೊಂಡು ನಿಲ್ಲುತ್ತೀಯ ಅಂತ ಮಾಲೀಕರು ಎರಡು ಸಲ ಎಚ್ಚರಿಸಿದ್ದರು. ಮೂರನೇ ಸಲಕ್ಕೆ ಕೆಲಸ ಹೋಗುತ್ತದೆ ಎಂಬ ಭಯ. ಮನೆಯಲ್ಲಿ ಅತ್ತೆಯದೂ ಅದೇ ದೂರು. ಅವರು ಅದಕ್ಕೆ ಇಟ್ಟ ಹೆಸರು ಸೊಕ್ಕು.

"ನನಗ ನಗಾಕ ಬರಂಗಿಲ್ರೀ ಅಕ್ಕಾರ. ಕಲಸ್ರಿ." ಕುರ್ಚಿಯಲ್ಲಿ ಕೂತ ಕೂಡಲೇ ಆಡಿದ ಮಾತು ಇದು.

ನಗು ಮಾಯವಾದವರು ಬಂದಾಗ ನಾನು ಮೊದಲು ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ, ಸಾಯುವ ಯೋಚನೆ ಇವೆಲ್ಲ ಕೇಳುತ್ತೇನೆ. ಖಿನ್ನತೆ ಎಷ್ಟೋ ಸಲ ಮುಖದಲ್ಲೇ ಮೊದಲು ಕಾಣುತ್ತದೆ. ಈ ತಂಗಿಗೆ ಅಂಥದ್ದೇನೂ ಇರಲಿಲ್ಲ. ಹೊಟ್ಟೆ ತುಂಬ ಉಣ್ಣುತ್ತಾಳೆ, ಮಲಗಿದ ಕೂಡಲೇ ನಿದ್ದೆ.

ನನ್ನ ಕಣ್ಣಿಗೆ ಬಿದ್ದದ್ದು ಸೆರಗು. ಮಾತಾಡುವಾಗೆಲ್ಲ ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಆ ಒಂದು ಕಡೆ ಮಾತ್ರ ಬಟ್ಟೆ ಮುದ್ದೆಯಾಗಿ, ಜರಿ ಎಳೆ ಎದ್ದಿತ್ತು. ಬಾಕಿ ಸೀರೆ ಇಸ್ತ್ರಿ ಮಾಡಿದ್ದು, ನಿರಿಗೆ ಚೂರೂ ಕೆಟ್ಟಿರಲಿಲ್ಲ. ಸೀರೆಯನ್ನು ಅಷ್ಟು ಜೋಪಾನ ಮಾಡುವವಳು ಆ ತುದಿಯನ್ನು ಯಾಕೆ ಹಾಗೆ ಹಿಂಡುತ್ತಾಳೆ?

ಅಂದು ಕೇಳಲಿಲ್ಲ. ಎರಡನೇ ಭೇಟಿಯಲ್ಲಿ ಆಕೆಯೇ ಹೇಳಿದಳು.

"ನಮ್ಮ ಊರಾಗ ಎಲ್ಲಾರ ಹಲ್ಲೂ ಹಿಂಗ ರೀ. ನಮ್ಮವ್ವಂದೂ ಹಿಂಗ, ನನ್ನ ಗೆಳತ್ಯಾರದೂ ಹಿಂಗ. ಅಲ್ಲಿದ್ದಾಗ ಗೊತ್ತಾಗ್ಲೇ ಇಲ್ಲ." ಸೆರಗು ಕೆಳಗಿಳಿಯಿತು. ಮುಂದಿನ ಹಲ್ಲುಗಳ ಮೇಲೆ ಚಹಾ ಕಲೆಯಂಥ ಕಂದು ಪಟ್ಟೆ, ನಡುವೆ ಸುಣ್ಣದಂಥ ಬಿಳಿ ಮಚ್ಚೆ.

ಮದುವೆ ದಿನ ಫೋಟೋದವನು "ನಗ್ರೀ" ಅಂದ. ನಕ್ಕಳು. ಅವನು ಕ್ಯಾಮೆರಾ ಇಳಿಸಿ, "ಬ್ಯಾಡ, ಬಾಯಿ ಮುಚ್ಚಿ ನಗ್ರೀ" ಅಂದನಂತೆ. ಆಲ್ಬಮ್ ತುಂಬ ಬಿಗಿದ ತುಟಿಯೇ ಇದೆ. ಆಮೇಲೆ ಅಂಗಡಿಯಲ್ಲಿ ಒಬ್ಬ ಗಿರಾಕಿ, ಇಷ್ಟು ಚಂದ ಇದ್ದೀಯ, ಗುಟ್ಕಾ ಯಾಕೆ ತಿನ್ನುತ್ತೀ ಅಂತ ಎಲ್ಲರೆದುರು ಕೇಳಿದರು. ಅಂದಿನಿಂದ ಬೂದಿ, ಉಪ್ಪು, ನಿಂಬೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಕಲೆ ಹೋಗಲಿಲ್ಲ, ಒಸಡಲ್ಲಿ ರಕ್ತ ಬಂತು.

ಇದು ಹೊಲಸಲ್ಲ, ಗುಟ್ಕಾ ಅಲ್ಲ, ತಿಕ್ಕದೇ ಇದ್ದದ್ದೂ ಅಲ್ಲ. ನೀರಿನಲ್ಲಿದ್ದ ಫ್ಲೋರೈಡ್ ಎಂಬ ಲವಣಾಂಶ. ಮುಂಡರಗಿ ಸೀಮೆಯ ಕೊಳವೆಬಾವಿ ನೀರಿನಲ್ಲಿ ಅದು ಜಾಸ್ತಿ ಇರುವುದು ಬಹಳ ವರ್ಷದಿಂದ ಗೊತ್ತಿರುವ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಚಿಕ್ಕವರಿದ್ದಾಗ, ಸುಮಾರು 8 ವರ್ಷದೊಳಗೆ, ದವಡೆಯೊಳಗೆ ಹಲ್ಲು ಇನ್ನೂ ತಯಾರಾಗುತ್ತಿರುವಾಗ ಕುಡಿದರೆ ಹಲ್ಲಿನ ಹೊರಪದರವೇ ಹೀಗೆ ಆಗಿಬಿಡುತ್ತದೆ. ಅದು ಮೇಲೆ ಹತ್ತಿದ ಕಲೆಯಲ್ಲ, ತಿಕ್ಕಿದರೆ ಹೇಗೆ ಹೋದೀತು? ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇದನ್ನು ಹೇಳಿದಾಗ ಆಕೆ ಸುಮ್ಮನೆ ಕೂತಳು. ಆಮೇಲೆ ಅತ್ತಳು. ಆರು ವರ್ಷ ತನ್ನದೇ ತಪ್ಪು ಅಂದುಕೊಂಡಿದ್ದಳು.

ಆದರೆ ಆಕೆಯನ್ನು ನನ್ನ ಹತ್ತಿರ ತಂದದ್ದು ಅಂಗಡಿಯ ಭಯ ಒಂದೇ ಅಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದಳು: "ನನ್ನ ಮಗಳ ಹಲ್ಲು ಮಲ್ಲಿಗಿ ಮೊಗ್ಗಿನಂಗ ಅದಾವ್ರೀ. ಆದ್ರೂ ಅಕಿ ಬಾಯಿ ಮುಚ್ಚಿ ನಗತಾಳ. ಕೈ ಅಡ್ಡ ಇಟ್ಕೊಂಡು. ನನ್ನಂಗ."

ನಾನು ಈ ಕೆಲಸಕ್ಕೆ ಬಂದ ಮೇಲೆ ಕೇಳಿದ ಮಾತುಗಳಲ್ಲಿ ಇದು ಮನಸ್ಸಲ್ಲಿ ಉಳಿದುಬಿಟ್ಟಿದೆ. ಕೂಸು ಹುಟ್ಟಿದ ಆರೆಂಟು ವಾರಕ್ಕೇ ಎದುರಿನ ಮುಖ ನೋಡಿ ನಗಲು ಶುರುಮಾಡುತ್ತದೆ. ಯಾರೂ ಕಲಿಸಬೇಕಿಲ್ಲ. ಮುಚ್ಚಿಡುವುದನ್ನು ಮಾತ್ರ ನಾವು ಕಲಿಸುತ್ತೇವೆ.

ಮಾಲೀಕರು ಆಕೆಗೆ ದಿನಾ ಕನ್ನಡಿ ಮುಂದೆ ನಿಂತು ನಗುವ ಅಭ್ಯಾಸ ಮಾಡು ಅಂದಿದ್ದರು. ಪಾಪ, ಮಾಡಿದ್ದಳು. ಬೇಕೆಂದೇ ನಕ್ಕರೂ ಮನಸ್ಸು ತುಸು ಹಗುರಾಗುತ್ತದೆ ಅನ್ನುವುದು ಸುಳ್ಳಲ್ಲ. 19 ದೇಶಗಳಲ್ಲಿ ಮಾಡಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನೇ ಹೇಳಿತು. ಆದರೆ ಪರಿಣಾಮ ಚಿಕ್ಕದು. ಕನ್ನಡಿಯಲ್ಲಿ ಹಲ್ಲೇ ಕಾಣುವವಳಿಗೆ ಆ ಅಭ್ಯಾಸ ದಿನಾ ಕೊಡುವ ಶಿಕ್ಷೆ. ಕನ್ನಡಿ ಬಿಡು ಅಂದೆ.

ನಗು ಹಲ್ಲಿನಲ್ಲಿಲ್ಲ ಅಂತಲೂ ಹೇಳಿದೆ, ಸಮಾಧಾನಕ್ಕಲ್ಲ. 1862ರಲ್ಲೇ ಡುಶೆನ್ ಎಂಬ ಫ್ರಾನ್ಸಿನ ವೈದ್ಯ ಮುಖದ ಸ್ನಾಯುಗಳನ್ನು ಪರೀಕ್ಷೆ ಮಾಡಿ ಬರೆದಿದ್ದಾನೆ. ತುಟಿ ಎಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲಿನದು ಮನಸ್ಸಿಗೆ ಖುಷಿಯಾದಾಗಲೇ ಏಳುತ್ತದೆ ಅಂತ. ತುಟಿ ಮುಚ್ಚಿದ್ದರೂ ಕಣ್ಣು ನಕ್ಕರೆ ಎದುರಿನವರಿಗೆ ಮುಟ್ಟುತ್ತದೆ. ಹಾಗಾಗಿ ಅಂಗಡಿಯಲ್ಲಿ ಹಲ್ಲು ತೋರಿಸುವ ಹಟ ಬೇಡ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಣ್ಣಿಟ್ಟು ನೋಡಿ "ಬರ್ರೀ ಅಕ್ಕಾರ, ಕುಂದರ್ರೀ" ಅನ್ನು. ಕುಡಿಯಲು ನೀರು ಬೇಕೇ ಅಂತ ಕೇಳು. ಇಷ್ಟು ದಿನ ಹಲ್ಲು ಕಂಡೀತು ಅಂತ ನೀನು ತಲೆಯನ್ನೇ ಎತ್ತುತ್ತಿರಲಿಲ್ಲ, ಅದನ್ನು ಅವರು ಸೊಕ್ಕು ಅಂದುಕೊಂಡರು.

ಇನ್ನೊಂದು, ಕಷ್ಟದ ಕೆಲಸ ಕೊಟ್ಟೆ. ದಿನಾ ರಾತ್ರಿ ಹತ್ತು ನಿಮಿಷ ಮಗಳ ಜೊತೆ ಆಟ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಎರಡೂ ಕೈ ಆಟದಲ್ಲಿರಬೇಕು. ಬಾಯಿ ಮುಚ್ಚುವ ಕೈ ನಾಚಿಕೆಯನ್ನು ಕಾಪಾಡುತ್ತದೆ. ಮುಚ್ಚಿದಷ್ಟೂ ಅಲ್ಲೇನೋ ಕೆಟ್ಟದ್ದಿದೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮೊದಲು ನಾಲ್ಕು ವರ್ಷದವಳ ಎದುರು ಬಿಡು, ಆಮೇಲೆ ಗಂಡನ ಎದುರು, ಅಂಗಡಿ ಕೊನೆಗೆ.

ಹಲ್ಲಿನ ಚಿಕಿತ್ಸೆ ಬಗ್ಗೆಯೂ ಮಾತಾಡಿದೆವು. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು, ಹಲ್ಲು ಹೇಗಿದ್ದರೇನು ಅಂತ ಹೇಳುವವಳು ನಾನಲ್ಲ. ಕಲೆ ತೆಳುವಾಗಿದ್ದರೆ ಮೇಲ್ಪದರ ಉಜ್ಜಿ ತೆಗೆಯುತ್ತಾರೆ, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಲೇಪ ಕೂರಿಸುತ್ತಾರೆ. ಧಾರವಾಡದ ಸತ್ತೂರಿನಲ್ಲಿ ದಂತ ಕಾಲೇಜು ಇದೆ, ಒಮ್ಮೆ ತೋರಿಸಿ ಬಾ ಅಂದೆ. ಬೂದಿ, ನಿಂಬೆಹಣ್ಣು ಇಂದೇ ನಿಲ್ಲಬೇಕು.

ಮಗಳಿಗೆ ಖಾಯಂ ಹಲ್ಲು ಆರರ ಸುಮಾರಿಗೆ ಬರಲು ಶುರುವಾಗುತ್ತವೆ, ಈಗ ಒಳಗೆ ತಯಾರಾಗುತ್ತಿವೆ. ಅಜ್ಜಿ ಮನೆಗೆ ಹೋದಾಗ ಕೊಳವೆಬಾವಿ ನೀರು ಕುಡಿಸಬೇಡ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ನದಿ ನೀರು ಇಲ್ಲವೇ ಶುದ್ಧೀಕರಣ ಘಟಕದ ನೀರು ಆಗಬಹುದು. ಪೇಸ್ಟ್ ಬಟಾಣಿ ಕಾಳಿನಷ್ಟು, ನುಂಗದಂತೆ ನೋಡಿಕೋ.

ಅತ್ತೆಯನ್ನೂ ಒಮ್ಮೆ ಕರೆಸಿದೆ. ನೀರಿನ ವಿಷಯ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. "ಹೇಳಬೇಕಿಲ್ಲೇನ್ರೀ ನಮಗ" ಅಂದರು ಕೊನೆಗೆ. ಕೇಳಿದ್ದರೆ ಹೇಳುತ್ತಿದ್ದಳು ಅಂದೆ. ಸ್ವಲ್ಪ ಖಾರವಾಯಿತೇನೋ, ಆದರೆ ಆ ಮಾತು ಬೇಕಿತ್ತು. ಸೊಸೆಗೆ "ನಗು, ನಗು" ಅನ್ನುವುದನ್ನು ಬಿಟ್ಟು, ಕೆಲಸದಿಂದ ಬಂದಾಗ ನೀವೇ ಮೊದಲು ಒಮ್ಮೆ ನಗ್ರೀ ಅಂತ ಕೇಳಿಕೊಂಡೆ.

ಎರಡು ತಿಂಗಳಾಯಿತು. ಅಂಗಡಿಯಲ್ಲಿ ಇನ್ನೂ ತುಟಿ ಮುಚ್ಚಿಯೇ ನಗುತ್ತಾಳೆ. ಮಾಲೀಕರು ಮತ್ತೆ ಏನೂ ಅಂದಿಲ್ಲ. ಹೆಸರು ಹಿಡಿದು ಕೇಳಿ ಬರುವ ಗಿರಾಕಿಗಳು ಇಬ್ಬರು ಆಗಿದ್ದಾರಂತೆ. ದಂತ ಕಾಲೇಜಿನಲ್ಲಿ ತಾರೀಖು ಕೊಟ್ಟಿದ್ದಾರೆ.

ಕಳೆದ ವಾರ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಆ ಪುಟ್ಟಿ ನನ್ನ ಮೇಜಿನ ಮೇಲಿದ್ದ ಪೆನ್ನುಗಳನ್ನೆಲ್ಲ ಸಾಲಾಗಿಟ್ಟು, "ಯಾವ ಕಲರ್ ತೋರಸಲ್ರೀ ಅಕ್ಕಾರ?" ಅಂತ ಅಮ್ಮನ ಹಾಗೇ ಕೇಳಿತು. ನಾವಿಬ್ಬರೂ ಜೋರಾಗಿ ನಕ್ಕೆವು. ಕೂಸೂ ನಕ್ಕಿತು. ಅದರ ಎರಡೂ ಕೈಯಲ್ಲಿ ಪೆನ್ನುಗಳಿದ್ದವು.